ಹೃದಯದ ಧಮನಿ ಹಾದಿ ತಪ್ಪಿದಾಗ

1988ರ ಜನವರಿ 5ರಂದು ಕ್ಯಾಲಿಫೋರ್ನಿಯಾದ ಪಸಡೀನಾದಲ್ಲಿ ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದ ಪೀಟ್ ಮರಾವಿಚ್ ಕುಸಿದುಬಿದ್ದು ತೀರಿಕೊಂಡರು. ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯಲ್ಲಿ ಹತ್ತು ಋತು ಆಡಿ ಹೆಸರು ಮಾಡಿದ್ದ ಅವರಿಗೆ ಆಗಿನ್ನೂ 40 ವರ್ಷ. ಮರಣೋತ್ತರ ಪರೀಕ್ಷೆಯಲ್ಲಿ ವೈದ್ಯರೇ ಬೆರಗಾಗುವ ಸಂಗತಿ ಹೊರಬಂತು: ಅವರ ಹೃದಯಕ್ಕೆ ಎಡ ಕರೊನರಿ ಧಮನಿ ಹುಟ್ಟಿನಿಂದಲೇ ಇರಲಿಲ್ಲ.

ದೇಹಕ್ಕೆಲ್ಲ ರಕ್ತ ಹಂಚುವ ಹೃದಯದ ಸ್ನಾಯುವಿಗೂ ರಕ್ತ ಬೇಕು. ಅದನ್ನು ಒದಗಿಸುವುದು ಮಹಾಧಮನಿಯ ಬುಡದಲ್ಲಿ ಹುಟ್ಟುವ ಎಡ ಮತ್ತು ಬಲ ಕರೊನರಿ ಧಮನಿಗಳು. ನೂರರಲ್ಲಿ ಸುಮಾರು ಒಬ್ಬರಲ್ಲಿ ಇವುಗಳ ಹುಟ್ಟು ಅಥವಾ ಹಾದಿ ಬೇರೆಯಾಗಿರುತ್ತದೆ. ಹೆಚ್ಚಿನವರಿಗೆ ಇದರಿಂದ ಏನೂ ತೊಂದರೆಯಿಲ್ಲ. ಬೇರಾವುದೋ ಕಾರಣಕ್ಕೆ ಆಂಜಿಯೋಗ್ರಾಂ ಮಾಡಿಸಿದಾಗ ಗೊತ್ತಾಗುತ್ತದೆ, ಅಷ್ಟೆ.

ಅಪಾಯವಿರುವುದು ಕೆಲವು ಬಗೆಗಳಲ್ಲಿ ಮಾತ್ರ. ಎಡ ಧಮನಿ ಬಲಬದಿಯಲ್ಲಿ ಹುಟ್ಟಿ, ಮಹಾಧಮನಿ ಮತ್ತು ಶ್ವಾಸಕೋಶದ ಧಮನಿಯ ನಡುವೆ ನುಸುಳಿ ಸಾಗುವುದು ಅವುಗಳಲ್ಲಿ ಮುಖ್ಯವಾದದ್ದು. ಇಂಥ ಧಮನಿಯ ಬಾಯಿ ಸಾಮಾನ್ಯವಾಗಿ ಸೀಳಿನಂತೆ ಕಿರಿದು. ಮೊದಲ ಭಾಗ ಮಹಾಧಮನಿಯ ಗೋಡೆಯೊಳಗೇ ಹಾದಿರುತ್ತದೆ. ಓಡುವಾಗ ಮಹಾಧಮನಿ ಹಿಗ್ಗಿ ಅದನ್ನು ಅದುಮುತ್ತದೆ. ಹೃದಯಕ್ಕೆ ರಕ್ತ ಹೆಚ್ಚು ಬೇಕಾದ ಹೊತ್ತಿನಲ್ಲೇ ಹರಿವು ತಗ್ಗಿ, ಬಡಿತದ ಲಯ ಕೆಡುತ್ತದೆ. ಇಲ್ಲಿ ಕೊಬ್ಬು ಕಟ್ಟಿಕೊಂಡಿರಬೇಕೆಂದಿಲ್ಲ. ಹಾಗಾಗಿ ಕೊಲೆಸ್ಟರಾಲ್ ಸರಿಯಿದೆ, ಮೈಕಟ್ಟು ಗಟ್ಟಿಯಿದೆ ಎಂಬುದು ಭರವಸೆಯಾಗದು.

ಎಡ ಧಮನಿ ಶ್ವಾಸಕೋಶದ ಧಮನಿಯಿಂದಲೇ ಹುಟ್ಟುವುದು ಇನ್ನೊಂದು ಬಗೆ. ಸುಮಾರು 3 ಲಕ್ಷ ಶಿಶುಗಳಲ್ಲಿ ಒಂದಕ್ಕೆ ಹೀಗಾಗುತ್ತದೆ. ಹಾಲು ಕುಡಿಯುವಾಗಲೇ ಮಗು ಬೆವರಿ, ಏದುಸಿರುಬಿಟ್ಟು ಅಳುತ್ತದೆ. ಬೇಗ ಶಸ್ತ್ರಚಿಕಿತ್ಸೆಯಾಗದಿದ್ದರೆ ಹೆಚ್ಚಿನ ಶಿಶುಗಳು ವರ್ಷ ತುಂಬುವ ಮೊದಲೇ ಸಾಯುತ್ತವೆ.

ಪತ್ತೆ ಹೇಗೆ? ಧಮನಿದೋಷದಿಂದ ಸತ್ತ 27 ಯುವ ಕ್ರೀಡಾಪಟುಗಳ ಬಗ್ಗೆ ಅಮೆರಿಕ ಮತ್ತು ಇಟಲಿಯ ವೈದ್ಯರು 2000ದಲ್ಲಿ ವರದಿ ಮಾಡಿದರು. ಅವರಲ್ಲಿ 10 ಮಂದಿಗೆ ಮೊದಲೇ ಎದೆನೋವು, ತಲೆಸುತ್ತು ಇಲ್ಲವೇ ಪ್ರಜ್ಞೆ ತಪ್ಪುವಂಥ ಸೂಚನೆಗಳಿದ್ದವು. ಇಸಿಜಿ ಮಾಡಿಸಿಕೊಂಡಿದ್ದವರೆಲ್ಲರ ವರದಿಯೂ ಸಹಜವಾಗಿತ್ತು! ಧಮನಿಯ ಹುಟ್ಟು ಮತ್ತು ಹಾದಿಯನ್ನು ಸ್ಪಷ್ಟವಾಗಿ ತೋರಿಸುವುದು ಸಿಟಿ ಆಂಜಿಯೋಗ್ರಾಂ. ಎಕೋ ಪರೀಕ್ಷೆಯಲ್ಲೂ ಹಲವು ಸಲ ಸುಳಿವು ಸಿಗುತ್ತದೆ. ಅಪಾಯಕಾರಿ ದೋಷವನ್ನು ಶಸ್ತ್ರಚಿಕಿತ್ಸೆಯಿಂದ ಸರಿಪಡಿಸಬಹುದು.

ಆಡುವಾಗ, ಓಡುವಾಗ ಮಗು ಎದೆ ಹಿಡಿದುಕೊಂಡರೆ, ಪ್ರಜ್ಞೆ ತಪ್ಪಿ ಬಿದ್ದರೆ, ಬಿಸಿಲಿಗೆ ಹಾಗಾಯಿತು ಎಂದು ಸುಮ್ಮನಾಗಬೇಡಿ. ಹೃದಯ ತಜ್ಞರು ನೋಡಿ ಒಪ್ಪುವವರೆಗೆ ಮೈದಾನಕ್ಕೆ ಕಳಿಸಲೂ ಬೇಡಿ.