ಬ್ಯಾಡಗಿಯಿಂದ ಬೆಂಗಳೂರಿಗೆ: ವಿಮಾನದ ಜವ, ಪಯಣದ ವೇಗ

ಒಂಬತ್ತನೆಯ ತರಗತಿಯ ‘ಚಲನೆ’ ಪಾಠದಲ್ಲಿ ದೂರ–ಸ್ಥಾನಪಲ್ಲಟ, ಜವ–ವೇಗ ಎಂಬ ಎರಡು ಜೋಡಿಗಳಿವೆ. ವ್ಯಾಖ್ಯೆ ಕೇಳಿದರೆ ಮಕ್ಕಳು ಒಪ್ಪಿಸುತ್ತಾರೆ. ಲೆಕ್ಕ ಕೊಟ್ಟರೆ ಎರಡಕ್ಕೂ ಒಂದೇ ಸಂಖ್ಯೆ ಬರೆಯುತ್ತಾರೆ. ನೇರ ರಸ್ತೆಯ ಉದಾಹರಣೆಯಲ್ಲಿ ಆ ಉತ್ತರ ಸರಿಯೂ ಆಗುವುದರಿಂದ, ಎರಡು ಪದ ಏಕೆ ಬೇಕು ಎಂಬುದೇ ಅವರಿಗೆ ತಿಳಿಯುವುದಿಲ್ಲ. ಬ್ಯಾಡಗಿಯ ಬೋಧನಾಭ್ಯಾಸದಲ್ಲಿ ಈ ಪಾಠಕ್ಕೆ ನಾನು ಹುಬ್ಬಳ್ಳಿ–ಬೆಂಗಳೂರು ವಿಮಾನವನ್ನು ಆರಿಸಿಕೊಂಡೆ. ವಿಮಾನವನ್ನೇ ಹತ್ತದ ಮಕ್ಕಳಿಗೆ ಇದೇಕೆ ಎಂದು ಸಹಪಾಠಿಯೊಬ್ಬರು ಕೇಳಿದರು. ನಮ್ಮ ಜಿಲ್ಲೆಗೆ ಇದು ಹೇಳಿ ಮಾಡಿಸಿದ ಉದಾಹರಣೆ. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಮೂರಕ್ಕೂ ಬೆಂಗಳೂರು ಆಗ್ನೇಯಕ್ಕಿದೆ, ಹುಬ್ಬಳ್ಳಿ ವಾಯವ್ಯಕ್ಕಿದೆ.

“ಸರ್, ಹಿಂದಕ್ಕ ಹೋಗಿ ಮುಂದಕ್ಕ ಬರೂದು ಯಾಕ್ರಿ?” ಎಂದ ಒಬ್ಬ ಹುಡುಗ. ಸ್ಥಾನಪಲ್ಲಟಕ್ಕೆ ಇದಕ್ಕಿಂತ ಒಳ್ಳೆಯ ಪೀಠಿಕೆ ನನಗೆ ಹೊಳೆದಿರಲಿಲ್ಲ.

ಮೊದಲು ಆಕಾಶದ ದೂರ. ಹುಬ್ಬಳ್ಳಿ ಮತ್ತು ಕೆಂಪೇಗೌಡ ವಿಮಾನ ನಿಲ್ದಾಣಗಳ ನಡುವೆ ಅಕ್ಷಾಂಶದಲ್ಲಿ 2.16 ಡಿಗ್ರಿ, ರೇಖಾಂಶದಲ್ಲಿ 2.62 ಡಿಗ್ರಿ ಅಂತರವಿದೆ. ಅಕ್ಷಾಂಶದ ಒಂದು ಡಿಗ್ರಿ ಎಂದರೆ 111 ಕಿ.ಮೀ.; ನಮ್ಮ ಭಾಗದಲ್ಲಿ ರೇಖಾಂಶದ ಒಂದು ಡಿಗ್ರಿ ಸುಮಾರು 108 ಕಿ.ಮೀ. ಗುಣಿಸಿದರೆ 240 ಮತ್ತು 283. ಇವು ಲಂಬಕೋನ ತ್ರಿಭುಜದ ಎರಡು ಬಾಹುಗಳು. ಪೈಥಾಗೊರಸ್ ಪ್ರಮೇಯ ಬಳಸಿದರೆ ವಿಕರ್ಣ ಸುಮಾರು 370 ಕಿ.ಮೀ. ರಸ್ತೆಯಲ್ಲಾದರೆ ಹುಬ್ಬಳ್ಳಿ–ಬೆಂಗಳೂರು 410 ಕಿ.ಮೀ. ಆಸುಪಾಸು. ಗಣಿತದ ಪ್ರಮೇಯ ಭೂಪಟದ ಮೇಲೆ ಕೆಲಸ ಮಾಡುವುದನ್ನು ಕಂಡು ಮಕ್ಕಳು ತಾವಾಗಿಯೇ ಅಟ್ಲಾಸ್ ತೆರೆದು ಬೇರೆ ಊರುಗಳನ್ನು ಅಳೆಯತೊಡಗಿದರು.

ವೇಳಾಪಟ್ಟಿಯಲ್ಲಿ ಹಾರಾಟಕ್ಕೆ 1 ಗಂಟೆ 10 ನಿಮಿಷ ಎಂದಿದ್ದರೆ ಸರಾಸರಿ ಜವ ಗಂಟೆಗೆ ಸುಮಾರು 317 ಕಿ.ಮೀ. ಜೆಟ್ ವಿಮಾನ ಎತ್ತರದಲ್ಲಿ 800 ಕಿ.ಮೀ. ಜವದಲ್ಲಿ ಹಾರಬಲ್ಲದು. ಉಳಿದದ್ದು ಎಲ್ಲಿ ಹೋಯಿತು? ವೇಳಾಪಟ್ಟಿಯ ಸಮಯ ನಿಂತ ಜಾಗ ಬಿಟ್ಟಾಗಿನಿಂದ ಮತ್ತೆ ನಿಲ್ಲುವವರೆಗಿನದು. ರನ್‌ವೇವರೆಗೆ ಉರುಳುವುದು, ಸರದಿಗೆ ಕಾಯುವುದು, ಏರುವುದು, ಇಳಿಯುವುದು ಎಲ್ಲ ಅದರೊಳಗೇ ಇವೆ.

ಬಳಿಕ ಒಂದು ಸಮಸ್ಯೆ ಕೊಟ್ಟೆ: ಅಕ್ಕನಿಗೆ ಕೆಲಸದ ದಾಖಲೆ ಪರಿಶೀಲನೆ ಇದೆ, ಬೆಳಿಗ್ಗೆ 10ಕ್ಕೆ ಮೆಜೆಸ್ಟಿಕ್‌ನಲ್ಲಿರಬೇಕು. ವಿಮಾನವೋ, ಬಸ್ಸೋ? ಅಂದಾಜುಗಳನ್ನು ಮಕ್ಕಳೇ ಹಾಕಿದರು. ಹುಬ್ಬಳ್ಳಿಗೆ 90 ಕಿ.ಮೀ., 2 ಗಂಟೆ; ನಿಲ್ದಾಣದಲ್ಲಿ ಒಂದೂವರೆ ಗಂಟೆ; ಹಾರಾಟ; ದೇವನಹಳ್ಳಿ ಕಡೆಯಿಂದ ಮೆಜೆಸ್ಟಿಕ್‌ಗೆ 35 ಕಿ.ಮೀ., ಒಂದೂವರೆ ಗಂಟೆ. ಒಟ್ಟು 495 ಕಿ.ಮೀ., 6 ಗಂಟೆ 10 ನಿಮಿಷ. ಬಸ್ಸಿಗೆ 325 ಕಿ.ಮೀ., ಆರೂವರೆ ಗಂಟೆ. ಎರಡರಲ್ಲೂ ಸ್ಥಾನಪಲ್ಲಟ ಒಂದೇ: ಸುಮಾರು 290 ಕಿ.ಮೀ.

ಕಪ್ಪುಹಲಗೆಯ ಮೇಲೆ ಸರಾಸರಿ ಜವ 80 ಮತ್ತು 50 ಎಂದು ಬಂತು. ಸರಾಸರಿ ವೇಗ 47 ಮತ್ತು 45. ವ್ಯಾಖ್ಯೆಯನ್ನು ನಾನು ಮತ್ತೆ ಹೇಳಬೇಕಾಗಲಿಲ್ಲ. ಉಳಿಯುವ 20 ನಿಮಿಷಕ್ಕೆ ನಸುಕಿನ 4ರೊಳಗೆ ಮನೆ ಬಿಡಬೇಕು, ಅದೂ ಆ ಹೊತ್ತಿಗೆ ತಕ್ಕ ವಿಮಾನವಿದ್ದರೆ. ಅಕ್ಕನನ್ನು ಎಲ್ಲರೂ ರಾತ್ರಿ ಬಸ್ಸಿಗೇ ಹತ್ತಿಸಿದರು.

ರಾಣೆಬೆನ್ನೂರಿನಲ್ಲಿ ಈ ಪಾಠ ಮಾಡುವವರು 2023ರಲ್ಲಿ ಆರಂಭವಾದ ಶಿವಮೊಗ್ಗ ವಿಮಾನ ನಿಲ್ದಾಣವನ್ನೂ ಸೇರಿಸಿಕೊಳ್ಳಬಹುದು. ನಾನು ಮನೆಗೆಲಸಕ್ಕೆ ದೆಹಲಿಯನ್ನು ಕೊಟ್ಟೆ: ಹುಬ್ಬಳ್ಳಿಯಿಂದ ಆಕಾಶಮಾರ್ಗದ ದೂರ ಬೆಂಗಳೂರಿನ ಸುಮಾರು ನಾಲ್ಕು ಪಟ್ಟು, ಆದರೆ ಹಾರಾಟ ಎರಡೂವರೆ ಗಂಟೆಯ ಆಸುಪಾಸು. ಸಮಯವೂ ನಾಲ್ಕು ಪಟ್ಟು ಏಕೆ ಆಗಲಿಲ್ಲ?