ಸರ್ಕಾರದ ಖರೀದಿಯೂ ನಾಗಮಂಗಲ ಸೀಮೆಯ ಸಣ್ಣ ಕಸುಬುದಾರರೂ

ನಾಗಮಂಗಲ ತಾಲ್ಲೂಕಿನ ಬಹುಭಾಗವು ಮಳೆಯನ್ನೇ ನಂಬಿರುವ ಸೀಮೆ. ರಾಗಿ, ಹುರುಳಿ, ತೆಂಗು ಮತ್ತು ಕುರಿಸಾಕಣೆಗಳು ಇಲ್ಲಿನ ಒಕ್ಕಲುಗಳ ಜೀವನಾಧಾರ. ಕಸಬೆಯು ಕಂಚು ಹಿತ್ತಾಳೆಗಳ ಎರಕದ ಕೆಲಸಕ್ಕೆ ಬಹುಕಾಲದಿಂದ ಹೆಸರಾದುದು. ಮಳೆ ತಪ್ಪಿದ ವರ್ಷ ರೈತನ ಕೈಯಲ್ಲಿ ಹಣವಿರುವುದಿಲ್ಲ. ಆಗ ಅವನಿಗೆ ಗುದ್ದಲಿ, ಕುಡುಗೋಲುಗಳನ್ನು ಮಾಡಿಕೊಡುವ ಕಮ್ಮಾರನ ಕುಲುಮೆಯೂ ಆರುತ್ತದೆ, ಬಡಗಿಯ ಉಳಿಯೂ ಮೂಲೆ ಸೇರುತ್ತದೆ. ಆದರೆ ಮಳೆ ಬರಲಿ ಬಾರದಿರಲಿ, ಖರೀದಿಯನ್ನು ನಿಲ್ಲಿಸದ ಗಿರಾಕಿಯೊಬ್ಬನುಂಟು. ಅದು ಸರ್ಕಾರ. ಶಾಲೆಗಳಿಗೆ ಬೆಂಚು, ಆಸ್ಪತ್ರೆಗಳಿಗೆ ಮಂಚ, ಇಲಾಖೆಗಳಿಗೆ ಸಲಕರಣೆ ಪ್ರತಿವರ್ಷವೂ ಬೇಕು. ಈ ವ್ಯಾಪಾರದಲ್ಲಿ ಊರಿನ ಕಸುಬುದಾರರಿಗೆ ಪಾಲು ದೊರೆಯದಿದ್ದರೆ, ಅದಕ್ಕೆ ಕೈಚಳಕದ ಕೊರತೆಗಿಂತ ಸಕಾಲದಲ್ಲಿ ಸುದ್ದಿ ತಿಳಿಯದಿರುವುದೇ ಅನೇಕ ವೇಳೆ ಕಾರಣವಾಗಿರುತ್ತದೆ.

ಪ್ರಕಟಣೆಯ ಕ್ರಮ

ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮವು 1999ರದು. ಟೆಂಡರುಗಳು ಎಲ್ಲರಿಗೂ ತಿಳಿಯುವಂತೆ ಪ್ರಕಟವಾಗಬೇಕೆಂಬುದು ಅದರ ಮುಖ್ಯಾಂಶ. ಈಗ ರಾಜ್ಯದ ಇಲಾಖೆಗಳ ಟೆಂಡರುಗಳನ್ನು ಕರ್ನಾಟಕ ಪಬ್ಲಿಕ್ ಪ್ರೊಕ್ಯೂರ್‌ಮೆಂಟ್ ಪೋರ್ಟಲ್ ಎಂಬ ಜಾಲತಾಣದಲ್ಲಿ ನೋಡಬಹುದು. ಕೇಂದ್ರ ಸರ್ಕಾರದ ಕಚೇರಿಗಳು 2016ರಲ್ಲಿ ಆರಂಭವಾದ ಜೆಮ್ ಎಂಬ ಮಾರುಕಟ್ಟೆಯ ಮೂಲಕ ಕೊಳ್ಳುತ್ತವೆ. ಗ್ರಾಮ ಪಂಚಾಯಿತಿಗಳ ವಾರ್ಷಿಕ ಯೋಜನೆಗಳು 2020ರಲ್ಲಿ ಹೊರಟ ಇ-ಗ್ರಾಮಸ್ವರಾಜ್ ತಾಣದಲ್ಲಿ ದೊರೆಯುತ್ತವೆ. ಯೋಜನೆಯನ್ನು ಓದಿದವನಿಗೆ ಮುಂದೆ ಯಾವ ಕೆಲಸ ಬರತಕ್ಕದ್ದೆಂಬುದು ಟೆಂಡರಿಗೆ ಮೊದಲೇ ಊಹೆಗೆ ನಿಲುಕುತ್ತದೆ. ಉಕ್ರೇನ್ ದೇಶದಲ್ಲಿಯೂ 2016ರಿಂದ ಸರ್ಕಾರದ ಖರೀದಿಗಳು ಪ್ರೊಜೊರೊ ಎಂಬ ಒಂದೇ ವ್ಯವಸ್ಥೆಯ ಮೂಲಕ ನಡೆಯತೊಡಗಿದವು. ಯಾರು ಎಷ್ಟಕ್ಕೆ ಕೂಗಿದರೆಂಬುದನ್ನು ಅಲ್ಲಿ ಯಾವ ಪ್ರಜೆಯಾದರೂ ನೋಡಬಹುದು.

ಅಂಕಿಅಂಶಗಳ ರಿಜಿಸ್ಟರು

ಪ್ರಕಟಣೆಗಳು ಸಾವಿರಾರು, ಅವುಗಳಲ್ಲಿ ತನಗೆ ಬೇಕಾದುದನ್ನು ಹುಡುಕುವುದೇ ಕಷ್ಟ. ಆದುದರಿಂದ ಇಲಾಖೆ, ಸ್ಥಳ, ಸಾಮಾನಿನ ಹೆಸರು ಇವುಗಳಿಂದ ಸೋಸಿ ನೋಡುವ ಅಭ್ಯಾಸ ಬೇಕು. ಒಂದೇ ಸಾಮಾನು ಬೇರೆಬೇರೆ ಹೆಸರಿನಲ್ಲಿ ಬರುವುದುಂಟು. ಗುದ್ದಲಿಯನ್ನು ಹುಡುಕುವವನು ಕೃಷಿ ಉಪಕರಣವೆಂದೂ ಕೈಸಲಕರಣೆಯೆಂದೂ, ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಹುಡುಕತಕ್ಕದ್ದು.

ಕಂಡುದನ್ನೆಲ್ಲ ಗಣಕಯಂತ್ರದ ಪಟ್ಟಿಯಲ್ಲಿ, ಅದು ಇಲ್ಲದಿದ್ದರೆ ಗೆರೆ ಹಾಕಿದ ಪುಸ್ತಕದಲ್ಲಿ ಬರೆದಿಡಬೇಕು. ಕೊಳ್ಳುವ ಕಚೇರಿ, ಸಾಮಾನು, ಸಂಖ್ಯೆ, ಕೊನೆಯ ದಿನ, ಠೇವಣಿ, ಗೆದ್ದವರ ದರ ಎಂದು ಆರು ಅಂಕಣಗಳು ಸಾಕು. ಜೆಮ್‌ನಲ್ಲಿ ಮುಗಿದ ಹರಾಜುಗಳ ಫಲಿತಾಂಶವೂ ಕಾಣಸಿಗುತ್ತದೆ. ಎರಡು ವರ್ಷ ಈ ರಿಜಿಸ್ಟರನ್ನು ಇಟ್ಟವನಿಗೆ ಯಾವ ಕಚೇರಿ ಯಾವ ತಿಂಗಳಲ್ಲಿ ಕೊಳ್ಳುತ್ತದೆ, ಯಾವ ದರಕ್ಕೆ ಇಳಿದರೆ ನಷ್ಟವೆಂಬುದು ತಿಳಿಯುತ್ತದೆ.

ಕಾನೂನಿನ ಅನುಕೂಲಗಳು

ಸಣ್ಣ ಕಸುಬುದಾರನು ಮೊದಲು ಮಾಡಿಸತಕ್ಕದ್ದು ಉದ್ಯಮ್ ದಾಖಲಾತಿ. ಇದು 2020ರ ಜುಲೈ 1ರಿಂದ ಜಾರಿಯಲ್ಲಿದೆ, ಇದಕ್ಕೆ ಶುಲ್ಕವಿಲ್ಲ. ಕೇಂದ್ರ ಸರ್ಕಾರದ 2012ರ ಆಜ್ಞೆ ಮತ್ತು ಅದರ ತಿದ್ದುಪಡಿಯ ಪ್ರಕಾರ ಕೇಂದ್ರದ ಇಲಾಖೆಗಳೂ ಉದ್ದಿಮೆಗಳೂ ವಾರ್ಷಿಕ ಖರೀದಿಯಲ್ಲಿ ನೂರಕ್ಕೆ 25ರಷ್ಟನ್ನು ಅತಿಸಣ್ಣ ಮತ್ತು ಸಣ್ಣ ಉದ್ಯಮಗಳಿಂದ ಕೊಳ್ಳಬೇಕು. ಅವುಗಳಿಗೆ ಠೇವಣಿಯ ವಿನಾಯಿತಿಯೂ ಉಂಟು. ಇಂಥ ಉದ್ಯಮಗಳಿಂದಲೇ ಕೊಳ್ಳಬೇಕೆಂದು ಮೀಸಲಿಟ್ಟಿರುವ 358 ಬಗೆಯ ಸಾಮಾನುಗಳಲ್ಲಿ ಕೈಯಿಂದ ನಡೆಸುವ ಮತ್ತು ಪಶುಗಳು ಎಳೆಯುವ ವ್ಯವಸಾಯೋಪಕರಣಗಳೂ ಸೇರಿವೆ. ರಾಜ್ಯದ ಟೆಂಡರುಗಳಿಗೆ ನಿಯಮಗಳು ಬೇರೆಯಾದುದರಿಂದ ಪ್ರತಿಯೊಂದರ ಷರತ್ತುಗಳನ್ನೂ ಓದಿಕೊಳ್ಳುವುದು ಅವಶ್ಯ.

ಹಣ ನಿಧಾನವಾಗಿ ಬರುವುದೆಂಬ ಭಯವೂ ಅನೇಕರಲ್ಲಿದೆ, ಅದು ನಿರಾಧಾರವಲ್ಲ. 2006ರ ಅಧಿನಿಯಮದಂತೆ ಇಂಥ ಉದ್ಯಮಗಳಿಗೆ ಕೊಡತಕ್ಕ ಹಣವನ್ನು 45 ದಿನಗಳಿಗೆ ಮೀರದಂತೆ ಕೊಡಬೇಕು. ತಪ್ಪಿದರೆ ಬ್ಯಾಂಕ್ ದರದ ಮೂರರಷ್ಟು ಚಕ್ರಬಡ್ಡಿ ಸಲ್ಲತಕ್ಕದ್ದು. ಒಪ್ಪಂದವಾದ ಮೇಲೆ ದಾಖಲಾದವರ ಹಕ್ಕಿನ ವಿಷಯದಲ್ಲಿ ನ್ಯಾಯಾಲಯಗಳಲ್ಲಿ ವಾದವೆದ್ದಿರುವುದರಿಂದ, ಮುಂಚಿತವಾಗಿಯೇ ದಾಖಲಾಗಿರುವುದು ಕ್ಷೇಮ.

ಎಚ್ಚರಿಕೆಗಳು

ಕೆಲಸ ಸಿಕ್ಕಿತೆಂಬ ಹಿಗ್ಗಿನಲ್ಲಿ ಶಕ್ತಿ ಮೀರಿ ಒಪ್ಪಿಕೊಳ್ಳಬಾರದು. ಒಂದು ಕುಲುಮೆಯಲ್ಲಿ ವಾರಕ್ಕೆ 40 ಕುಡುಗೋಲುಗಳಾಗುವುವೆಂದು ಇಟ್ಟುಕೊಳ್ಳೋಣ. 500 ಕುಡುಗೋಲುಗಳನ್ನು ನಾಲ್ಕು ವಾರಗಳಲ್ಲಿ ಒಪ್ಪಿಸಬೇಕೆಂದರೆ, ಆ ಕುಲುಮೆಯಿಂದ ಆಗುವುದು 160 ಮಾತ್ರ. ಮೂರು ಕುಲುಮೆ ಸೇರಿದರೂ 480. ನಾಲ್ಕು ಸೇರಿದರೆ 640 ಆಗಿ, ಕೆಟ್ಟ ಸಾಮಾನನ್ನು ತೆಗೆದುಹಾಕುವುದಕ್ಕೂ ಅವಕಾಶವಿರುತ್ತದೆ. ಆದುದರಿಂದ ಸಹಕಾರ ಸಂಘವನ್ನೋ ಉತ್ಪಾದಕರ ಕಂಪೆನಿಯನ್ನೋ ಕಟ್ಟಿಕೊಂಡು ಒಂದೇ ಹೆಸರಿನಲ್ಲಿ ನಿಲ್ಲುವುದು ಲೇಸು.

ದರದ ವಿಷಯದಲ್ಲಿಯೂ ಹೀಗೆಯೇ. ಕೇಂದ್ರದ ಖರೀದಿಯಲ್ಲಿ ದೊಡ್ಡ ಕಂಪೆನಿಯೊಂದು 100 ರೂಪಾಯಿಗೆ ಕೂಗಿ, ಸಣ್ಣವನು 115ರೊಳಗೆ ಕೂಗಿದ್ದರೆ, ಅವನಿಗೆ ಒಂದು ಪಾಲನ್ನು ಒದಗಿಸುವ ಅವಕಾಶ ಬರುತ್ತದೆ. ಆದರೆ ಅವನೂ 100ಕ್ಕೇ ಒಪ್ಪಬೇಕು. ಕಬ್ಬಿಣ, ಇದ್ದಲು, ಕೂಲಿ, ಸಾಗಣೆ ಸೇರಿ 105 ಬೀಳುವ ಸಾಮಾನಾದರೆ ಆ ಅವಕಾಶವನ್ನು ಬಿಡುವುದೇ ಲಾಭ. ಟೆಂಡರು ಕೊಡಿಸುತ್ತೇವೆಂದು ಮುಂಗಡ ಕೇಳುವ ದಳ್ಳಾಳಿಗಳನ್ನು ದೂರವಿಡಬೇಕು; ಡಿಜಿಟಲ್ ಸಹಿಯ ಸಾಧನವನ್ನೂ ಗುಪ್ತಪದವನ್ನೂ ಯಾರಿಗೂ ಒಪ್ಪಿಸಬಾರದು, ಅದು ಬರಿಯ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಕೊಟ್ಟಂತೆ.

ಗ್ರಾಮದ ಮುಖ್ಯಸ್ಥರ ಕರ್ತವ್ಯ

ಈ ಕಾರ್ಯಕ್ಕೆ ದೊಡ್ಡ ಬಂಡವಾಳವೇನೂ ಬೇಕಿಲ್ಲ. ಕಸಬಾ, ಬೆಳ್ಳೂರು, ಬಿಂಡಿಗನವಿಲೆ, ಹೊಣಕೆರೆ, ದೇವಲಾಪುರ ಈ ಐದು ಹೋಬಳಿಗಳಲ್ಲಿಯೂ ಓದುಬರಹ ಬಲ್ಲ ಒಬ್ಬೊಬ್ಬ ಯುವಕನನ್ನೋ ಯುವತಿಯನ್ನೋ ಗೊತ್ತುಮಾಡಬಹುದು. ಅವರು ವಾರಕ್ಕೆರಡು ದಿನ ತಾಣಗಳನ್ನು ನೋಡಿ, ಸೀಮೆಗೆ ತಕ್ಕ ಪ್ರಕಟಣೆಗಳನ್ನು ಕನ್ನಡದಲ್ಲಿ ಬರೆದು ಪಂಚಾಯಿತಿಯ ಹಲಗೆಗೆ ಹಚ್ಚಲಿ. ಸಂಶಯಗಳಿಗೆ ಮಂಡ್ಯದ ಜಿಲ್ಲಾ ಕೈಗಾರಿಕಾ ಕೇಂದ್ರವುಂಟು. ಅನುಕೂಲಸ್ಥ ಜಮೀನುದಾರರು ಕಸುಬುದಾರರ ಸಂಘಕ್ಕೆ ಷೇರು ಹಣ ಕೊಟ್ಟರೆ, ಸಾಮಾನು ಒಪ್ಪಿಸಿದ ದಿನದಿಂದ ಹಣ ಕೈಸೇರುವವರೆಗಿನ ಇಕ್ಕಟ್ಟು ನೀಗುತ್ತದೆ. ಕುಲುಮೆಯು ಊರಿನಲ್ಲಿ ಉಳಿದರೆ, ಮುಂಗಾರಿನ ಮುಂಚೆ ನೇಗಿಲಗುಳವನ್ನು ತಟ್ಟಿಸುವುದಕ್ಕೆ ರೈತನು ದೂರದ ಪೇಟೆಗೆ ಹೋಗಬೇಕಾಗುವುದಿಲ್ಲ. ಈ ಲಾಭವು ಜಮೀನುದಾರರದೂ ಹೌದೆಂಬುದನ್ನು ಲಕ್ಷ್ಯದಲ್ಲಿಡತಕ್ಕದ್ದು.