ಸಕ್ಕರೆ ಕಾಯಿಲೆಯ ಮಗು ಶಾಲೆಗೆ ಹೊರಟಾಗ

ಚಿಕ್ಕ ಮಗುವಿಗೆ ಸಕ್ಕರೆ ಕಾಯಿಲೆ ಎಂದ ಕೂಡಲೇ 'ಸಿಹಿ ಜಾಸ್ತಿ ತಿಂದಿರಬೇಕು' ಎನ್ನುವವರೇ ಹೆಚ್ಚು. ಅದರಲ್ಲೂ ನಾವಿರುವುದು ಜಲೇಬಿ, ಫಾಫಡಾಗಳ ನಾಡಿನಲ್ಲಿ! ಆದರೆ ಶಾಲೆಗೆ ಹೋಗುವ ವಯಸ್ಸಿನಲ್ಲಿ ಸಾಮಾನ್ಯವಾಗಿ ಬರುವುದು ಟೈಪ್ 1 ಮಧುಮೇಹ. ಮೇದೋಜೀರಕದಲ್ಲಿ ಇನ್ಸುಲಿನ್ ತಯಾರಿಸುವ ಕೋಶಗಳನ್ನು ದೇಹದ ರಕ್ಷಣಾ ವ್ಯವಸ್ಥೆಯೇ ನಾಶಮಾಡುವುದರಿಂದ ಅದು ಬರುತ್ತದೆ. ಸಿಹಿ ತಿಂದದ್ದರಿಂದಲ್ಲ, ಮುಟ್ಟಿದರೆ ಅಂಟುವುದೂ ಇಲ್ಲ. ಈ ಎರಡು ಮಾತನ್ನು ಮೊದಲು ಮಗುವಿಗೇ ಹೇಳಬೇಕು. ತಾನೇ ಏನೋ ತಪ್ಪು ಮಾಡಿದೆ ಎಂದು ಒಳಗೊಳಗೇ ಕೊರಗುವ ಮಕ್ಕಳಿದ್ದಾರೆ.

ಆಸ್ಪತ್ರೆಯಲ್ಲಿ ನರ್ಸ್‌ಗಳು ಪ್ರತಿ ರೋಗಿಗೂ ಆರೈಕೆ ಯೋಜನೆ ಬರೆಯುತ್ತಾರೆ: ತೊಂದರೆ ಏನು, ಗುರಿ ಏನು, ಯಾರು ಯಾವಾಗ ಏನು ಮಾಡಬೇಕು, ಫಲ ಸಿಕ್ಕಿತೇ ಎಂದು. ಮಗು ಮನೆಗೆ ಬಂದ ಮೇಲೆ ಈ ಯೋಜನೆ ಫೈಲಿನಲ್ಲಿ ಉಳಿದುಬಿಡುತ್ತದೆ. ದಿನಕ್ಕೆ ಐದಾರು ಗಂಟೆ ಮಗು ಇರುವುದು ಶಾಲೆಯಲ್ಲಿ, ನಮ್ಮ ಬಹುತೇಕ ಶಾಲೆಗಳಲ್ಲಿ ನರ್ಸ್ ಇರುವುದಿಲ್ಲ. ಹಾಗಾಗಿ ಬಿಡುಗಡೆಯ ದಿನವೇ ಶಾಲೆಗೆಂದು ಪ್ರತ್ಯೇಕವಾಗಿ ಒಂದು ಪುಟದ ಯೋಜನೆಯನ್ನು ಕೇಳಿ ಬರೆಸಿಕೊಳ್ಳಿ.

ಅದರಲ್ಲಿ ಮೊದಲು ಬರಬೇಕಾದದ್ದು ಸಕ್ಕರೆ ಇಳಿದಾಗಿನ ಚಿಕಿತ್ಸೆ. ಬೆವರು, ನಡುಕ, ವಿಪರೀತ ಹಸಿವು, ಕಾರಣವಿಲ್ಲದ ಸಿಟ್ಟು, ಮಂಕು ಇವು ಅದರ ಲಕ್ಷಣ. ಟೀಚರಿಗೆ ಇದು ತುಂಟತನವಾಗಿಯೋ ಸೋಮಾರಿತನವಾಗಿಯೋ ಕಾಣಬಹುದು. ರಕ್ತದ ಸಕ್ಕರೆ 70 ಮಿಲಿಗ್ರಾಂಗಿಂತ ಕೆಳಗಿದ್ದರೆ ಕೂತಲ್ಲೇ ಗ್ಲೂಕೋಸ್ ಕೊಡಬೇಕು. ತೂಕದ ಪ್ರತಿ ಕಿಲೋಗೆ ಸುಮಾರು 0.3 ಗ್ರಾಂ, ಅಂದರೆ 30 ಕಿಲೋ ಮಗುವಿಗೆ ಸುಮಾರು ಎರಡು ಟೀ ಚಮಚ. 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಬೇಕು. ಚಾಕೊಲೇಟ್ ಬೇಡ, ಅದರ ಕೊಬ್ಬಿನಿಂದ ಸಕ್ಕರೆ ಏರುವುದು ತಡವಾಗುತ್ತದೆ. 'ಆಫೀಸಿಗೆ ಹೋಗಿ ಕೂತುಕೋ' ಎಂದು ಒಂಟಿಯಾಗಿ ಕಳುಹಿಸುವುದು ಅಪಾಯ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಮಗ್ಗುಲಾಗಿ ಮಲಗಿಸಿ, 108ಕ್ಕೆ ಫೋನ್ ಮಾಡಬೇಕು.

ಸಕ್ಕರೆ ಏರಿ, ವಾಂತಿ, ಹೊಟ್ಟೆನೋವು, ಏದುಸಿರು ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಊಟ ಸೇರುತ್ತಿಲ್ಲವೆಂದು ಇನ್ಸುಲಿನ್ ನಿಲ್ಲಿಸಲೇಬಾರದು.

ಇನ್ನು ಯೋಜನೆಯ ಭಾಷೆ. ನಾವು ಕನ್ನಡಿಗರು ಎಡವುವುದು ಇಲ್ಲೇ ಎಂದು ನನ್ನ ಅನಿಸಿಕೆ. ಡಾಕ್ಟರು ಇಂಗ್ಲಿಷಿನಲ್ಲಿ ಬರೆದದ್ದನ್ನೇ ಜೆರಾಕ್ಸ್ ಮಾಡಿ ಕೊಟ್ಟು ಬರುತ್ತೇವೆ. ಮಗು ಕುಸಿದಾಗ ಹತ್ತಿರ ಇರುವವರು ವ್ಯಾನ್ ಓಡಿಸುವ ಕಾಕಾ, ಶಾಲೆಯ ಆಯಾ, ಪಿ.ಟಿ. ಮಾಸ್ತರು. ಅವರಿಗೆ ಸಲೀಸಾಗಿ ಓದಲು ಬರುವುದು ಗುಜರಾತಿ. ಪಕ್ಕದ ಮನೆಯವರ ಸಹಾಯದಿಂದ ದೊಡ್ಡ ಅಕ್ಷರದಲ್ಲಿ ಗುಜರಾತಿಯಲ್ಲಿ ಬರೆಸಿ. ತರಗತಿಯಲ್ಲಿ ಯಾರಿಗೆಲ್ಲ ತಿಳಿಸಬೇಕು ಎಂದು ಮಗುವನ್ನೇ ಕೇಳಿ. ಒಬ್ಬ ಆಪ್ತ ಗೆಳೆಯನಿಗಂತೂ ಗೊತ್ತಿರಲಿ.

ಹತ್ತು ವರ್ಷದ ಮಗು ತಾನೇ ಬೆರಳು ಚುಚ್ಚಿ ನೋಡಬಲ್ಲದು, ಇನ್ಸುಲಿನ್ ತೆಗೆದುಕೊಳ್ಳಲೂ ಕಲಿಯಬಲ್ಲದು. ಆದರೆ ಡೋಸಿನ ಹೊಣೆ ದೊಡ್ಡವರದೇ.

ನವರಾತ್ರಿಯ ಗರ್ಬಾಕ್ಕೂ ಯೋಜನೆ ಬೇಕು. ಬೇಡ ಎನ್ನಬೇಕಿಲ್ಲ. ಗಂಟೆಗಟ್ಟಲೆ ಕುಣಿದ ಮೇಲೆ ಸಕ್ಕರೆ ಆಗಲೇ ಅಲ್ಲ, ಬೆಳಗಿನ ಜಾವ ಮೂರಕ್ಕೂ ಇಳಿಯಬಹುದು. ಆ ರಾತ್ರಿಗಳ ಡೋಸು, ತಿಂಡಿಯನ್ನು ಮೊದಲೇ ಡಾಕ್ಟರಲ್ಲಿ ಕೇಳಿ, ನಡುರಾತ್ರಿ ಒಮ್ಮೆ ಪರೀಕ್ಷಿಸಿ. ಅಹಮದಾಬಾದಿನಲ್ಲಿ 2016ರ ಮೇ ತಿಂಗಳಲ್ಲಿ ಉಷ್ಣಾಂಶ 48 ಡಿಗ್ರಿ ಮುಟ್ಟಿತ್ತು; ಅಂಥ ಬಿಸಿಲಲ್ಲಿ ಸ್ಕೂಲ್ ಬ್ಯಾಗಿನ ಇನ್ಸುಲಿನ್ ಕೆಡುತ್ತದೆ. ಫ್ರಿಜ್ ಇಲ್ಲದ ಕಡೆ ಒದ್ದೆ ಮರಳಿನ ಮಣ್ಣಿನ ಮಡಕೆ ಒಳ್ಳೆಯ ಉಪಾಯ.

ಬೋರ್ಡ್ ಪರೀಕ್ಷೆಯ ಚಿಂತೆಯೂ ಬೇಡ. ಟೈಪ್ 1 ಮಕ್ಕಳು ಸಕ್ಕರೆ ಮಾತ್ರೆ, ಹಣ್ಣು, ತಿಂಡಿ, ನೀರನ್ನು ಪರೀಕ್ಷಾ ಕೊಠಡಿಗೆ ಒಯ್ಯಲು ಸಿಬಿಎಸ್‌ಇ 2017ರಲ್ಲೇ ಅನುಮತಿ ಕೊಟ್ಟಿದೆ. ಡಾಕ್ಟರ ಪ್ರಮಾಣಪತ್ರವನ್ನು ಸಾಕಷ್ಟು ಮುಂಚೆಯೇ ಪ್ರಿನ್ಸಿಪಾಲರಿಗೆ ತಲುಪಿಸಿ.